ಅಪ್ಪನ ಫೋನಿಗೆ ನಾನೇ ಮಾಡಿದ ಆ್ಯಪ್ ಹಾಕೋಕೂ ಗೂಗಲ್ ಒಪ್ಪಿಗೆ ಬೇಕಾ?

ಹಾಲಿನಲೆಕ್ಕ:
ಊರಲ್ಲಿ ಅಪ್ಪ ಡೇರಿಗೆ ಹಾಲು ಹಾಕುತ್ತಾರೆ. ಬೆಳಿಗ್ಗೆ ಎಷ್ಟು ಲೀಟರ್, ಸಂಜೆ ಎಷ್ಟು, ಫ್ಯಾಟ್ ಎಷ್ಟು ಬಂತು ಅಂತ ಬರೆದಿಡೋಕೆ ಒಂದು ಚಿಕ್ಕ ಆ್ಯಪ್ ಮಾಡಿಕೊಟ್ಟಿದ್ದೆ. ದಪ್ಪ ಅಕ್ಷರ, ಎಲ್ಲ ಕನ್ನಡದಲ್ಲೇ, ನೆಟ್ ಬೇಕಿಲ್ಲ. ಪ್ಲೇ ಸ್ಟೋರಿಗೆ ಹಾಕಿಲ್ಲ, ಎಪಿಕೆ ಫೈಲನ್ನೇ (ಒತ್ತಿದರೆ ಆ್ಯಪ್ ನೇರವಾಗಿ ಫೋನಿಗೆ ಬರೋ ಫೈಲು) ಕಳಿಸಿದ್ದು. ಈಗ ಅಕ್ಕಪಕ್ಕದ ಹತ್ತು ಹದಿನೈದು ಮನೆಯವರೂ ಅದನ್ನೇ ಬಳಸುತ್ತಾರೆ. ಇನ್ನು ಮುಂದೆ ಆ್ಯಪ್ ಮಾಡಿದವರು ಗೂಗಲ್ ಹತ್ತಿರ ಹೆಸರು, ಗುರುತಿನ ಚೀಟಿ ಎಲ್ಲ ಕೊಟ್ಟು ನೋಂದಾಯಿಸದಿದ್ದರೆ ಫೋನು ಅದನ್ನು ಒಳಗೇ ಬಿಟ್ಟುಕೊಳ್ಳಲ್ಲ ಅಂತ ಓದಿದೆ. ನಿಜನಾ? ಫೋನಿಗೆ ದುಡ್ಡು ಕೊಟ್ಟವರು ಅಪ್ಪ, ಆ್ಯಪ್ ಮಾಡಿದವನು ನಾನು, ನಡುವೆ ಇವರ್ಯಾರು?

ರಾಗಿಮುದ್ದೆ64:
ನಿಜ, ಆದರೆ ನಾಳೆ ಬೆಳಿಗ್ಗೆಯೇ ಏನೂ ಆಗಲ್ಲ. 2025ರ ಆಗಸ್ಟಿನಲ್ಲಿ ಗೂಗಲ್ ಹೇಳಿದ ಪ್ರಕಾರ 2026ರ ಸೆಪ್ಟೆಂಬರಿನಲ್ಲಿ ಬ್ರೆಜಿಲ್, ಇಂಡೊನೇಷ್ಯಾ, ಸಿಂಗಪುರ, ಥಾಯ್ಲೆಂಡಿನಲ್ಲಿ ಶುರು, ಉಳಿದ ಕಡೆ 2027ರಿಂದ. ಗೂಗಲ್ ಸರ್ಟಿಫಿಕೇಟ್ ಇರುವ ಫೋನುಗಳಿಗೆ ಮಾತ್ರ ಅಂತಾರೆ, ಅಂದರೆ ನಮ್ಮ ಅಂಗಡಿಗಳಲ್ಲಿ ಸಿಗೋ ಹೆಚ್ಚುಕಡಿಮೆ ಎಲ್ಲ ಆಂಡ್ರಾಯ್ಡ್ ಫೋನೂ. ವಿದ್ಯಾರ್ಥಿಗಳಿಗೆ, ಹವ್ಯಾಸಕ್ಕೆ ಮಾಡೋರಿಗೆ ಬೇರೆ ಖಾತೆ ಇರುತ್ತೆ, ಆದರೆ ಕೆಲವೇ ಫೋನುಗಳಿಗೆ. ಕೇಬಲ್ ಚುಚ್ಚಿ ಕಂಪ್ಯೂಟರಿನಿಂದ ಎಡಿಬಿ (ಡೆವಲಪರುಗಳು ಬಳಸೋ ಟೂಲು) ಮೂಲಕ ಹಾಕೋದಕ್ಕೆ ತಡೆ ಇಲ್ಲ. ಜನ ಗಲಾಟೆ ಮಾಡಿದ ಮೇಲೆ, 2025ರ ನವೆಂಬರಿನಲ್ಲೇ, ಅಪಾಯ ಗೊತ್ತಿದ್ದೂ ಹಾಕ್ಕೋತೀನಿ ಅನ್ನೋರಿಗೆ ಬೇರೆ ದಾರಿ ಇಡ್ತೀವಿ ಅಂದರು.

ಮಲ್ಲಿಗೆಮೊಗ್ಗು:
ಬೈದರೂ ಪರವಾಗಿಲ್ಲ, ನಾನು ಗೂಗಲ್ ಕಡೆ. ನಮ್ಮ ಚಿಕ್ಕಪ್ಪನಿಗೆ 'ಆರ್‌ಟಿಒ ಚಲನ್' ಅಂತ ಒಂದು ಎಪಿಕೆ ಬಂತು. ಸ್ಕೂಟರಿಗೆ ದಂಡ ಬಿದ್ದಿದೆ ಅಂದುಕೊಂಡು ಒತ್ತಿದರು, ಎಸ್ಸೆಮ್ಮೆಸ್ ಓದಲಾ ಅಂತ ಕೇಳಿದ್ದಕ್ಕೂ ಓಕೆ ಅಂದರು. ಓಟಿಪಿಗಳೆಲ್ಲ ಕಳ್ಳರಿಗೇ ಹೋದವು. ಅರವತ್ತು ಸಾವಿರ ಹೋಯ್ತು. ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿದ್ವಿ, ಇನ್ನೂ ಒಂದು ರೂಪಾಯಿ ವಾಪಸ್ ಬಂದಿಲ್ಲ. ನಿಮಗೆ ಸ್ವಾತಂತ್ರ್ಯದ ಮಾತು ಸುಲಭ, ಅವರು ಈಗ ಫೋನ್ ಮುಟ್ಟೋಕೇ ಹೆದರುತ್ತಾರೆ.

ತೋಟದಮನೆ:
ಚಿಕ್ಕಪ್ಪನ ವಿಷಯ ಕೇಳಿ ಬೇಜಾರಾಯ್ತು. ಆದರೆ ಬೇರೆಯವರ ಹೆಸರಲ್ಲಿ ಸಿಮ್ ತಗೊಳ್ಳೋ ಕಳ್ಳನಿಗೆ ಬೇರೆಯವರ ಹೆಸರಲ್ಲಿ ಡೆವಲಪರ್ ಖಾತೆ ತೆರೆಯೋದು ಕಷ್ಟನಾ? ಸಿಕ್ಕಿಬೀಳೋರು ಎಫ್-ಡ್ರಾಯ್ಡ್ ಥರದವರು. 2010ರಿಂದ ಬರೀ ಓಪನ್ ಸೋರ್ಸ್ (ಕೋಡನ್ನು ಯಾರು ಬೇಕಾದರೂ ನೋಡಬಹುದಾದ) ಆ್ಯಪ್‌ಗಳನ್ನು ಹಂಚುತ್ತಿರೋ ಜಾಗ ಅದು. ಕೋಡ್ ತಗೊಂಡು ತಾವೇ ಅದರಿಂದ ಆ್ಯಪ್ ಫೈಲು ಬಿಲ್ಡ್ ಮಾಡಿ, ಹೆಚ್ಚಿನವಕ್ಕೆ ತಮ್ಮದೇ ಡಿಜಿಟಲ್ ಸಹಿ ಹಾಕುತ್ತಾರೆ. ಬೇರೆಯವರ ಆ್ಯಪ್‌ಗಳನ್ನೆಲ್ಲ ತಮ್ಮ ಹೆಸರಲ್ಲಿ ನೋಂದಾಯಿಸೋಕಾಗುತ್ತಾ? ಈ ನಿಯಮ ಬಂದರೆ ನಮ್ಮ ಕಥೆ ಮುಗೀತು ಅಂತ ಅವರೇ ಹೇಳಿದ್ದಾರೆ.

ನನಗೆ ಜಾಸ್ತಿ ಭಯ ಇರೋದು ಬೇರೆ ಕಡೆ. ಬಾಗಿಲು ಒಂದೇ ಇದ್ದರೆ ಅದನ್ನು ಮುಚ್ಚಿಸೋದು ಸಲೀಸು. 2021ರಲ್ಲಿ ರಷ್ಯಾದ ಚುನಾವಣೆ ಹೊತ್ತಿಗೆ ಅಲ್ಲಿನ ವಿರೋಧ ಪಕ್ಷದ ನಾಯಕ ನವಾಲ್ನಿ ಬೆಂಬಲಿಗರ ಮತದಾನದ ಆ್ಯಪನ್ನು ಆ್ಯಪಲ್, ಗೂಗಲ್ ಎರಡೂ ತೆಗೆದುಹಾಕಿದವು. ಆಂಡ್ರಾಯ್ಡಿನಲ್ಲಿ ಎಪಿಕೆ ಹಂಚೋ ದಾರಿಯಾದರೂ ಇತ್ತು, ಐಫೋನಿನವರಿಗೆ ಅದೂ ಇರಲಿಲ್ಲ. ನಮ್ಮಲ್ಲೂ 2023ರಲ್ಲಿ ಉಗ್ರರು ಬಳಸುತ್ತಾರೆ ಅಂತ ಸರ್ಕಾರ 14 ಆ್ಯಪ್‌ಗಳನ್ನು ತಡೆಯಿತು. ಅದರಲ್ಲಿ ಎಲಿಮೆಂಟ್, ಬ್ರಯರ್ ಅನ್ನೋ ಮೆಸೇಜ್ ಆ್ಯಪ್ ಎರಡೂ ಓಪನ್ ಸೋರ್ಸ್. ಬ್ರಯರ್ ಅಂತೂ ನೆಟ್ ಇಲ್ಲದಿದ್ದರೂ ಬ್ಲೂಟೂತಿನಲ್ಲೇ ಮೆಸೇಜ್ ಕಳಿಸುತ್ತೆ, ನೆರೆ ಬಂದು ಟವರ್ ಬಿದ್ದಾಗ ಅದಕ್ಕಿಂತ ಒಳ್ಳೇದು ಏನಿದೆ ಹೇಳಿ.

ಮಲ್ಲಿಗೆಮೊಗ್ಗು:
ನೆರೆ ಬಂದಾಗ ಚಿಕ್ಕಪ್ಪ ಬ್ರಯರ್ ಹಾಕ್ಕೋತಾರಾ? ಸುಮ್ನೆ ಹೇಳಬೇಡಿ. ಎಸ್ಸೆಮ್ಮೆಸ್ ಓದೋ ಅನುಮತಿ ಕೇಳೋ ಎಪಿಕೆಗಳನ್ನಷ್ಟೇ ತಡೆಯಲಿ, ಅದಾದರೆ ನಿಮಗೂ ಒಪ್ಪಿಗೆ ಅಲ್ವಾ?

ತೋಟದಮನೆ:
ಅದಾದರೆ ಒಪ್ಪಿಗೆ.

ರಾಗಿಮುದ್ದೆ64:
@ಹಾಲಿನಲೆಕ್ಕ, ಅಷ್ಟು ಚರ್ಚೆ ಆಯ್ತು, ನಿಮ್ಮ ಆ್ಯಪಿನ ಕೋಡ್ ಎಲ್ಲಿದೆ? ನಮ್ಮ ಮಾವನವರ ಮನೇಲೂ ಮೂರು ಹಸು ಇವೆ.

ಹಾಲಿನಲೆಕ್ಕ:
ಎಲ್ಲೂ ಹಾಕಿಲ್ಲ ಮಾರಾಯ್ರೇ, ನನ್ನ ಲ್ಯಾಪ್‌ಟಾಪಲ್ಲೇ ಇದೆ. ನೋಡಿದರೆ ನಗ್ತೀರಿ, ಒಂದೇ ಫೈಲಲ್ಲಿ ಎಲ್ಲ ತುರುಕಿದ್ದೀನಿ. ಸಂಜೆ ಲೆಕ್ಕ ಮಧ್ಯರಾತ್ರಿ ದಾಟಿ ಬರೆದರೆ ಮಾರನೇ ದಿನಕ್ಕೆ ಹೋಗುತ್ತೆ, ಅದನ್ನೊಂದು ಸರಿ ಮಾಡಿ ಭಾನುವಾರ ಹಾಕ್ತೀನಿ.