ಹೆಗಲಿನ ಸ್ನಾಯು ಗಂಟಿಗೆ ಇಂಜೆಕ್ಷನ್: ಸಿರಿಂಜಿನಲ್ಲಿ ಏನಿರುತ್ತದೆ?

ಪ್ರಶ್ನೆ: ಡಾಕ್ಟರೇ, ನಮಸ್ಕಾರ. ನನಗೆ 46 ವರ್ಷ, ಮನೆಯಲ್ಲೇ ಬಟ್ಟೆ ಹೊಲಿಯುತ್ತೇನೆ. ಬಲಗಡೆ ಕುತ್ತಿಗೆಗೂ ಹೆಗಲಿಗೂ ನಡುವೆ ಕಡಲೆಕಾಳಿನಷ್ಟು ಗಂಟೊಂದು ಕೈಗೆ ಸಿಗುತ್ತದೆ. ಅದನ್ನು ಒತ್ತಿದರೆ ನೋವು ಕಿವಿಯ ಹಿಂದಿನಿಂದ ಕಣತಲೆಯವರೆಗೂ ಏರುತ್ತದೆ. ಮಾತ್ರೆ, ಶಾಖ ಎಲ್ಲವೂ ಆಯಿತು. ಈಗ ಮೂಳೆ ವೈದ್ಯರು ಗಂಟಿಗೇ ಇಂಜೆಕ್ಷನ್ ಕೊಡೋಣ ಎನ್ನುತ್ತಿದ್ದಾರೆ. ನನಗೆ ಸಕ್ಕರೆ ಕಾಯಿಲೆ ಇದೆ. ಇದು ಸ್ಟಿರಾಯ್ಡೇ? ಒಮ್ಮೆ ಹಾಕಿಸಿಕೊಂಡರೆ ಅದೇ ಅಭ್ಯಾಸವಾಗಿಬಿಡುತ್ತದೆಯೇ?

ಉತ್ತರ: ನಮಸ್ಕಾರ ಅಮ್ಮ. ನೀವು ಹೇಳಿದ ಜಾಗ ಟ್ರೆಪೀಜಿಯಸ್ ಸ್ನಾಯುವಿನ ಮೇಲ್ಭಾಗ. ಅಲ್ಲಿನ ಗಂಟಿನ ನೋವು ಕಣತಲೆಗೆ ಹರಡುವುದು ತೀರ ಸಾಮಾನ್ಯ. ಇಂತಹ ಗಂಟನ್ನು ನಾವು ಟ್ರಿಗರ್ ಪಾಯಿಂಟ್ ಎನ್ನುತ್ತೇವೆ. ಅಮೆರಿಕದ ಅಧ್ಯಕ್ಷ ಕೆನಡಿಯವರ ಬೆನ್ನುನೋವಿಗೆ ಚಿಕಿತ್ಸೆ ನೀಡಿ, 1961ರಲ್ಲಿ ಶ್ವೇತಭವನದ ವೈದ್ಯೆಯಾದ ಜಾನೆಟ್ ಟ್ರಾವೆಲ್ ಅವರು ಗಂಟಿಗೇ ಇಂಜೆಕ್ಷನ್ ಕೊಡುವ ಈ ಪದ್ಧತಿಯನ್ನು ಬಹಳವಾಗಿ ಬೆಳೆಸಿದವರು.

ಸಾಮಾನ್ಯವಾಗಿ ಸಿರಿಂಜಿನಲ್ಲಿ ಇರುವುದು ಲಿಗ್ನೋಕೇನ್, ಅಂದರೆ ಹಲ್ಲು ಕೀಳುವಾಗ ಕೊಡುವ ಮರಗಟ್ಟಿಸುವ ಮದ್ದು. ಕೆಲವರು ಅದರೊಡನೆ ಸ್ಟಿರಾಯ್ಡ್ ಬೆರೆಸುತ್ತಾರೆ. ಸ್ನಾಯು ಗಂಟಿಗೆ ಅದರಿಂದ ಹೆಚ್ಚಿನ ಲಾಭವಿದೆ ಎಂದು ನನಗೆ ಅನ್ನಿಸುವುದಿಲ್ಲ. ನಿಮ್ಮ ವಿಷಯದಲ್ಲಂತೂ ಅದು ಕೆಲವು ದಿನ ಸಕ್ಕರೆಯ ಮಟ್ಟವನ್ನು ಏರಿಸಬಹುದು. ಆದ್ದರಿಂದ ಸಿರಿಂಜಿನಲ್ಲಿ ಏನಿದೆ ಎಂದು ಸಂಕೋಚವಿಲ್ಲದೆ ಮೊದಲೇ ಕೇಳಿ.

ನಿಜ ಹೇಳಬೇಕೆಂದರೆ, ಇಲ್ಲಿ ಹೆಚ್ಚಿನ ಕೆಲಸ ಮಾಡುವುದು ಮದ್ದಿಗಿಂತ ಸೂಜಿ. ವೈದ್ಯರು ಸ್ನಾಯುವನ್ನು ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಹಿಡಿದು ಎತ್ತಿ, ತೆಳುವಾದ ಸೂಜಿಯನ್ನು ಗಂಟಿಗೆ ತಾಗಿಸಿದಾಗ ಸ್ನಾಯು ಒಮ್ಮೆ ಫಕ್ಕನೆ ಅದುರುತ್ತದೆ. ಸೂಜಿ ಸರಿಯಾದ ಜಾಗಕ್ಕೆ ತಲುಪಿತೆಂಬುದಕ್ಕೆ ಅದು ಒಳ್ಳೆಯ ಗುರುತು. ಮದ್ದೇ ಇಲ್ಲದೆ ಬರಿಯ ಸೂಜಿಯಿಂದ ಮಾಡುವ ಡ್ರೈ ನೀಡ್ಲಿಂಗ್ ಕೂಡ ಇದೇ ತತ್ತ್ವದ್ದು, ಆದರೆ ಆಮೇಲಿನ ನೋವು ಸ್ವಲ್ಪ ಹೆಚ್ಚಿರುತ್ತದೆ. ಸ್ನಾಯುವನ್ನು ಎತ್ತಿ ಹಿಡಿಯುವುದಕ್ಕೆ ಕಾರಣವಿದೆ: ಅದರ ಕೆಳಗೇ ಶ್ವಾಸಕೋಶದ ತುದಿ ಇದೆ. ಅಪರೂಪಕ್ಕೆ ಸೂಜಿ ಅಲ್ಲಿಗೆ ತಾಗಿದರೆ ಎದೆಗೂಡಿನಲ್ಲಿ ಗಾಳಿ ಸೇರಿಕೊಳ್ಳುತ್ತದೆ. ಇಂಜೆಕ್ಷನ್ ಆದ ಮೇಲೆ ಏದುಸಿರು ಅಥವಾ ಎದೆ ಚುಚ್ಚಿದಂತೆ ನೋವು ಕಾಣಿಸಿಕೊಂಡರೆ ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಇದು ಚಟವಾಗುವ ಮದ್ದಲ್ಲ. ಆದರೆ ಎರಡು ಮೂರು ಸಲ ಹಾಕಿಸಿದರೂ ಗುಣ ಕಾಣದಿದ್ದರೆ, ಮುಂದುವರಿಸುವ ಬದಲು ಕುತ್ತಿಗೆಯ ನರ, ಥೈರಾಯ್ಡ್, ವಿಟಮಿನ್ ಡಿ ಇವುಗಳನ್ನು ಪರೀಕ್ಷಿಸಿ ನೋಡುವುದು ಮೇಲು.

ಪ್ರಶ್ನೆ: ಅದೇ ದಿನ ಹೊಲಿಗೆ ಮಷಿನ್ ಮುಂದೆ ಕೂರಬಹುದೇ?

ಉತ್ತರ: ಅಂದು ಬೇಡ. ಒಂದೆರಡು ದಿನ ಚುಚ್ಚಿದ ಜಾಗ ನೋಯುತ್ತದೆ. ಆದರೆ ಕೈಯನ್ನು ಪೂರ್ತಿ ಸುಮ್ಮನಿಡಬೇಡಿ. ಕುತ್ತಿಗೆಯನ್ನು ಎಡಕ್ಕೆ ನಿಧಾನವಾಗಿ ಬಾಗಿಸಿ ಆ ಸ್ನಾಯುವನ್ನು ಹಿಗ್ಗಿಸುವ ವ್ಯಾಯಾಮವನ್ನು ಅಂದೇ ಆರಂಭಿಸಿ. ಮಷಿನ್ ಮೇಜು ಎತ್ತರವಾಗಿದ್ದು ಹೆಗಲನ್ನು ಎತ್ತಿಕೊಂಡೇ ಹೊಲಿಯುತ್ತಿದ್ದರೆ, ಎಂತಹ ಇಂಜೆಕ್ಷನ್ ಕೊಟ್ಟರೂ ಗಂಟು ಮರಳಿ ಬರುತ್ತದೆ.

ಇನ್ನೊಬ್ಬ ಸದಸ್ಯರ ಪ್ರಶ್ನೆ: ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡಿರುವ ನಮ್ಮ ತಂದೆಯವರಿಗೂ ಎಡ ಹೆಗಲು ನೋವಿದೆ, ರಕ್ತ ತೆಳುವಾಗುವ ಮಾತ್ರೆ ನಡೆಯುತ್ತಿದೆ. ಅವರಿಗೂ ಇದನ್ನು ಕೊಡಿಸಬಹುದೇ ಸರ್?

ಉತ್ತರ: ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ, ಇಂಜೆಕ್ಷನ್ ಕೊಡುವವರಿಗೆ ಅದನ್ನು ಮೊದಲೇ ತಿಳಿಸಿ. ಅದಕ್ಕೂ ಮುಂಚೆ, ನಡೆದಾಗ ಅಥವಾ ಮೆಟ್ಟಿಲು ಹತ್ತಿದಾಗ ನೋವು ಹೆಚ್ಚಿ, ನಿಂತರೆ ಕಡಿಮೆಯಾಗುತ್ತದೆಯೇ ಎಂದು ಅವರನ್ನು ಕೇಳಿ. ಹೌದು ಎಂದರೆ ಗಂಟಿನ ಮಾತು ಆಮೇಲಿರಲಿ, ಇಂದೇ ಹೃದಯ ವೈದ್ಯರಿಗೆ ತೋರಿಸಿ.