ಶಿರಸಿಯ ಕಾಡಿನಿಂದ ಕುಮಟಾದ ಕಡಲಿಗೆ ಮೌಂಟೇನ್ ಬೈಕ್: ದಾರಿ, ಅನುಮತಿ, ಸಿದ್ಧತೆ

ತುರಹಳ್ಳಿ ಸವಾರ ಬರೆದದ್ದು:

ಎಲ್ಲರಿಗೂ ನಮಸ್ಕಾರ. ಡಿಸೆಂಬರ್ ಮೊದಲ ಭಾಗದಲ್ಲಿ ನಾನು ಮತ್ತು ಗೆಳೆಯರೊಬ್ಬರು ಶಿರಸಿಯಿಂದ ಹೊರಟು, ಯಾಣದ ಮೂಲಕ ಘಟ್ಟ ಇಳಿದು, ಗೋಕರ್ಣದಿಂದ ಕಡಲಂಚನ್ನೇ ಹಿಡಿದು ಕುಮಟಾ ತಲುಪಬೇಕೆಂದು ಯೋಚಿಸಿದ್ದೇವೆ. ಬೆಂಗಳೂರಿನ ತುರಹಳ್ಳಿಯ ಕಲ್ಲುದಾರಿಗಳಲ್ಲಿ ಸವಾರಿ ಮಾಡಿ ಅಭ್ಯಾಸವಿದೆ, ಆದರೆ ಮಲೆನಾಡಿನ ಮಣ್ಣು ಮತ್ತು ಕಡಲಿನ ಮರಳು ಇಬ್ಬರಿಗೂ ಹೊಸದು. ಸೈಕಲ್ಲುಗಳು 100 ಮಿಲಿಮೀಟರ್ ಫೋರ್ಕ್ ಇರುವ ಹಾರ್ಡ್‌ಟೇಲ್ (ಮುಂಬದಿ ಮಾತ್ರ ಸಸ್ಪೆನ್ಷನ್ ಇರುವ ಸೈಕಲ್), 2.25 ಇಂಚಿನ ಟಯರು, ಒಳಗೆ ಟ್ಯೂಬು, ಹೈಡ್ರಾಲಿಕ್ ಡಿಸ್ಕ್ ಬ್ರೇಕು. ನಕಾಶೆಯಲ್ಲಿ ಕಾಡಿನೊಳಗೆ ಹತ್ತಾರು ಕಾಲುದಾರಿಗಳು ಕಾಣಿಸುತ್ತವೆಯಾದರೂ ಅವುಗಳಲ್ಲಿ ಯಾವುದರಲ್ಲಿ ಹೋಗಬಹುದು, ಯಾವುದಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇಕು ಎಂಬುದು ನಕಾಶೆಯಿಂದ ತಿಳಿಯುವುದಿಲ್ಲ. ತದಡಿಯಲ್ಲಿ ಅಘನಾಶಿನಿ ನದಿಯನ್ನು ಸೈಕಲ್ ಸಮೇತ ದಾಟಬಹುದೇ, ಮರಳಿನ ಮೇಲೆ ನಿಜಕ್ಕೂ ಸೈಕಲ್ ತುಳಿಯಲು ಸಾಧ್ಯವೇ ಎಂಬುದನ್ನೂ ಬಲ್ಲವರು ದಯವಿಟ್ಟು ತಿಳಿಸಬೇಕು.

ಸೊಪ್ಪಿನಬೆಟ್ಟ ಬರೆದದ್ದು:

ನಾನು ಶಿರಸಿ ತಾಲ್ಲೂಕಿನ ಅಡಿಕೆ ಬೆಳೆಗಾರ, ಆದ್ದರಿಂದ ಘಟ್ಟದ ಮೇಲಿನ ಭಾಗದ ಬಗ್ಗೆ ಮಾತ್ರ ಹೇಳುತ್ತೇನೆ. ಶಿರಸಿಯಿಂದ ಹೆಗಡೆಕಟ್ಟಾ ಮಾರ್ಗವಾಗಿ ಯಾಣಕ್ಕೆ ಹೋಗುವ ದಾರಿ ಮುಖ್ಯವಾಗಿ ಡಾಂಬರು ರಸ್ತೆ. ನಿಮಗೆ ಬೇಕಾದ ಮಣ್ಣಿನ ಸವಾರಿ ಸಿಗುವುದು ಅದರಿಂದ ಕವಲೊಡೆದು ಒಂದು ಊರಿನ ತೋಟದಿಂದ ಇನ್ನೊಂದು ಊರಿನ ಗದ್ದೆಗೆ ಹೋಗುವ ದಾರಿಗಳಲ್ಲಿ. ಅವು ಜನ ಮತ್ತು ಜೀಪು ಓಡಾಡುವ ದಾರಿಗಳು, ಅಲ್ಲಿ ಸೈಕಲ್ಲಿಗೆ ಯಾರೂ ಅಡ್ಡಿ ಮಾಡುವುದಿಲ್ಲ. ನಕಾಶೆಯಲ್ಲಿ ಚುಕ್ಕೆ ಗೆರೆಯಾಗಿ ತೋರುವ ದಾರಿಗಳ ಮಾತು ಬೇರೆ. ಅವುಗಳಲ್ಲಿ ಕೆಲವು ಮೀಸಲು ಅರಣ್ಯದೊಳಗೆ ನುಗ್ಗುತ್ತವೆ. ಅಲ್ಲಿಗೆ ಸಂಬಂಧಪಟ್ಟ ವಲಯ ಅರಣ್ಯಾಧಿಕಾರಿಯವರ ಅನುಮತಿ ಇಲ್ಲದೆ ಹೋಗುವುದು ಸರಿಯಲ್ಲ. ಕುಮಟಾ ಕಡೆಗೆ ಇಳಿಯುವ ಕಣಿವೆಗಳ ಒಂದು ದೊಡ್ಡ ಭಾಗ 2011ರಲ್ಲಿ ಘೋಷಣೆಯಾದ ಅಘನಾಶಿನಿ ಸಿಂಗಳೀಕ ಸಂರಕ್ಷಿತ ಪ್ರದೇಶಕ್ಕೆ ಸೇರಿತ್ತು, 2019ರಲ್ಲಿ ಅದು ಶರಾವತಿ ಕಣಿವೆ ಸಿಂಗಳೀಕ ಅಭಯಾರಣ್ಯದಲ್ಲಿ ಸೇರಿಕೊಂಡಿತು ಎಂಬುದೂ ನೆನಪಿರಲಿ.

ಇನ್ನು ಕೆಲವು ಚುಕ್ಕೆ ಗೆರೆಗಳು ನಮ್ಮ ಸೊಪ್ಪಿನ ಬೆಟ್ಟಗಳು. ಅಡಿಕೆ ತೋಟದ ಒಂದು ಎಕರೆಗೆ ಒಂಬತ್ತು ಎಕರೆಯವರೆಗೆ ಬೆಟ್ಟವನ್ನು ಸೊಪ್ಪು, ದರಕಿಗಾಗಿ (ಉದುರಿದ ಒಣ ಎಲೆಗಾಗಿ) ಬಿಟ್ಟುಕೊಟ್ಟ ಪದ್ಧತಿ ಬ್ರಿಟಿಷರ ಕಾಲದ್ದು. ಭೂಮಿ ಸರ್ಕಾರದ್ದಾದರೂ ಬಳಕೆಯ ಹಕ್ಕು ತೋಟದವರದು. ಬೆಟ್ಟದ ದಾರಿಗೆ ಸಾಮಾನ್ಯವಾಗಿ ಉಣಗೋಲು ಇರುತ್ತದೆ: ಎರಡು ಕಂಬಗಳ ತೂತುಗಳಲ್ಲಿ ಅಡ್ಡಲಾಗಿ ತೂರಿಸಿದ ಮೂರು ನಾಲ್ಕು ಗಳುಗಳು. ಸೈಕಲ್ ದಾಟಿಸಲು ಕೆಳಗಿನ ಗಳುಗಳನ್ನು ಮಾತ್ರ ಸರಿಸಿ ಹೋದವರು ಅವುಗಳನ್ನು ಮರಳಿ ತೂರಿಸುವುದನ್ನು ಮರೆತರೆ ಸಂಜೆಯೊಳಗೆ ಊರಿನ ದನಗಳೆಲ್ಲ ತೋಟದಲ್ಲಿರುತ್ತವೆ. ಮನೆಯ ಅಂಗಳದಲ್ಲಿ ನಿಂತು ಒಮ್ಮೆ ಕೇಳಿದರೆ ದಾರಿಯೂ ಸಿಗುತ್ತದೆ, ಬಹುಮಟ್ಟಿಗೆ ಕುಡಿಯಲು ಮಜ್ಜಿಗೆಯೂ ಸಿಗುತ್ತದೆ.

ಡಿಸೆಂಬರ್ ಎಂದರೆ ಅಡಿಕೆ ಕೊನೆ (ಗೊನೆ) ಕೊಯ್ಲಿನ ಸಮಯ. ಕಿರಿದಾದ ದಾರಿಗಳಲ್ಲಿ ಅಡಿಕೆ ಕೊನೆ ತುಂಬಿದ ಪಿಕಪ್ ವಾಹನಗಳು ಎದುರಾಗುತ್ತವೆ, ತಿರುವುಗಳಲ್ಲಿ ಗಂಟೆ ಬಾರಿಸುತ್ತಾ ಇಳಿಯಿರಿ. ಹಳ್ಳಗಳಿಗೆ ಅಡಿಕೆ ಮರದ ಬೊಡ್ಡೆಗಳಿಂದ ಹಾಕಿರುವ ಕಾಲುಸಂಕಗಳ (ಕಿರುಸೇತುವೆಗಳ) ಮೇಲೆ ಸವಾರಿ ಬೇಡ. ಬೆಳಗಿನ ಇಬ್ಬನಿಗೆ ಅಡಿಕೆ ಮರದ ಬೊಡ್ಡೆ ಎಣ್ಣೆ ಸವರಿದಂತೆ ಜಾರುತ್ತದೆ. ಸೈಕಲ್ಲನ್ನು ಹೆಗಲಿಗೇರಿಸಿ ನಡೆದು ದಾಟಿ.

ಎಲ್ಲಕ್ಕಿಂತ ಮುಖ್ಯವಾದದ್ದು ಮಂಗನ ಕಾಯಿಲೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಈ ಜ್ವರ ಉಣ್ಣಿಗಳಿಂದ ಹರಡುತ್ತದೆ, ಅದರ ಋತು ಡಿಸೆಂಬರಿನ ಹೊತ್ತಿಗೆ ಆರಂಭವಾಗಿ ಬೇಸಿಗೆಯವರೆಗೂ ಇರುತ್ತದೆ. ಸಿದ್ದಾಪುರದ ಕಡೆ ಪ್ರಕರಣಗಳು ಮೇಲಿಂದ ಮೇಲೆ ಕಾಣಿಸಿಕೊಂಡಿವೆ. ಉದ್ದ ತೋಳಿನ ಅಂಗಿ ಧರಿಸಿ, ಪ್ಯಾಂಟಿನ ಅಂಚನ್ನು ಕಾಲುಚೀಲದೊಳಗೆ ಸೇರಿಸಿ, ಚರ್ಮಕ್ಕೆ ಉಣ್ಣಿ ನಿವಾರಕ ಎಣ್ಣೆ ಹಚ್ಚಿಕೊಳ್ಳಿ. ಆರೋಗ್ಯ ಇಲಾಖೆಯವರು ಇಲ್ಲಿನ ಹಳ್ಳಿಗರಿಗೆ ಹಂಚುವ ಡೀಪಾ ಎಣ್ಣೆ ಇದಕ್ಕಾಗಿಯೇ ಇರುವುದು. ದರಕಿನ ರಾಶಿಯ ಮೇಲೆ ಕುಳಿತು ವಿಶ್ರಾಂತಿ ಪಡೆಯಬೇಡಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಸಮೀಪದ ಆರೋಗ್ಯ ಕೇಂದ್ರಕ್ಕೆ ತಿಳಿಸಿ, ಆ ದಾರಿಯನ್ನೇ ಬಿಟ್ಟುಬಿಡಿ.

ಫ್ರೀವ್ಹೀಲ್ ಬರೆದದ್ದು:

ಸೈಕಲ್ಲಿನ ಬಗ್ಗೆ ನಾನು ಸೇರಿಸುತ್ತೇನೆ. ನಿಮ್ಮ ಹಾರ್ಡ್‌ಟೇಲ್ ಈ ದಾರಿಗೆ ಸಾಕು, ಹಿಂಬದಿ ಸಸ್ಪೆನ್ಷನ್ ಇಲ್ಲವೆಂದು ಕೊರಗಬೇಕಾಗಿಲ್ಲ. ಟ್ಯೂಬುಗಳ ಬಗ್ಗೆ ಮಾತ್ರ ನನಗೆ ಸಮಾಧಾನವಿಲ್ಲ. ಜಂಬಿಟ್ಟಿಗೆಯ ದಾರಿಯಲ್ಲಿ ಮಳೆನೀರು ಕೊರೆದ ಚರಂಡಿಗಳ ಅಂಚು ಚೂಪಾಗಿರುತ್ತದೆ, ಅದರ ಮೇಲೆ ದರಕು ಮುಚ್ಚಿದ್ದರೆ ಕಾಣುವುದೂ ಇಲ್ಲ. ಗಾಳಿ ಕಡಿಮೆ ಇದ್ದಾಗ ಆ ಅಂಚಿಗೂ ರಿಮ್ಮಿಗೂ ನಡುವೆ ಸಿಕ್ಕಿದ ಟ್ಯೂಬು ಎರಡು ಕಡೆ ಒಟ್ಟಿಗೆ ಸೀಳುತ್ತದೆ. ಗಾಳಿ ಹೆಚ್ಚಿಸಿದರೆ ಸಡಿಲ ಕಲ್ಲಿನ ಮೇಲೆ ಹಿಡಿತ ತಪ್ಪುತ್ತದೆ. ರಿಮ್ಮು ಒಪ್ಪುವುದಾದರೆ ಟ್ಯೂಬ್‌ಲೆಸ್ ಮಾಡಿಸಿಕೊಂಡು ಗಾಳಿಯ ಒತ್ತಡವನ್ನು 22ರಿಂದ 25 ಪಿಎಸ್‌ಐ ಇಟ್ಟುಕೊಳ್ಳಿ. ಆಗದಿದ್ದರೆ 30ರ ಆಸುಪಾಸಿನಲ್ಲಿರಲಿ, ಹೆಚ್ಚುವರಿ ಟ್ಯೂಬುಗಳು ಚೀಲದಲ್ಲಿರಲಿ.

ಶಿರಸಿ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ, ಆ ಎತ್ತರವನ್ನೆಲ್ಲ ನೀವು ಒಂದೇ ದಿನದಲ್ಲಿ ಕಳೆಯುತ್ತೀರಿ. ಇಳಿಜಾರಿನುದ್ದಕ್ಕೂ ಬ್ರೇಕನ್ನು ಮೆಲ್ಲಗೆ ಹಿಡಿದೇ ಇದ್ದರೆ ಡಿಸ್ಕ್ ಕಾದು ಹಿಡಿತ ಕುಗ್ಗುತ್ತದೆ. ತಿರುವಿಗೆ ಮುನ್ನ ಎರಡೂ ಬ್ರೇಕನ್ನು ಗಟ್ಟಿಯಾಗಿ ಒತ್ತಿ, ಬಳಿಕ ಪೂರ್ತಿ ಬಿಡಿ. ಹೊರಡುವ ಮೊದಲೇ ಪ್ಯಾಡಿನ ದಪ್ಪ ನೋಡಿಕೊಳ್ಳಿ.

ಉಪ್ಪುಗಾಳಿ ಬರೆದದ್ದು:

ಕುಮಟಾ ಕಡೆಯವನಾದ ನಾನು ಕೆಳಗಿನ ಭಾಗವನ್ನು ತಿಳಿಸುತ್ತೇನೆ. ಯಾಣದಲ್ಲಿ ವಾಹನ ನಿಲ್ಲಿಸುವಲ್ಲಿಯೇ ಸೈಕಲ್ ಬಿಟ್ಟು, 120 ಮೀಟರ್ ಎತ್ತರದ ಭೈರವೇಶ್ವರ ಶಿಖರವನ್ನು ಕಾಲ್ನಡಿಗೆಯಲ್ಲಿ ನೋಡಿ ಬನ್ನಿ. ಅಲ್ಲಿಂದ ವಿಭೂತಿ ಜಲಪಾತ, ಅಚವೆಯ ಮೂಲಕ ಇಳಿದರೆ ಶಿರಸಿ-ಕುಮಟಾ ಮುಖ್ಯರಸ್ತೆಯ ದೇವಿಮನೆ ಘಟ್ಟದ ಲಾರಿಗಳಿಂದಲೂ ರಸ್ತೆ ಅಗಲೀಕರಣದ ರಗಳೆಯಿಂದಲೂ ತಪ್ಪಿಸಿಕೊಳ್ಳುತ್ತೀರಿ. ಹೆದ್ದಾರಿ 66ರಲ್ಲಿ ಅನಿವಾರ್ಯವಾದಷ್ಟು ದೂರ ಮಾತ್ರ ಸಾಗಿ ಗೋಕರ್ಣದ ಕಡೆ ತಿರುಗಿಕೊಳ್ಳಿ.

ಕುಡ್ಲೆಯಿಂದ ಓಂ, ಹಾಫ್ ಮೂನ್, ಪ್ಯಾರಡೈಸ್ ಬೀಚುಗಳನ್ನು ಜೋಡಿಸುವ ಗುಡ್ಡದಂಚಿನ ಕಾಲುದಾರಿಯಲ್ಲಿ ಸೈಕಲ್ ಸವಾರಿಯ ವಿಡಿಯೋಗಳನ್ನು ನೀವು ನೋಡಿರಬಹುದು. ನನ್ನ ಅಭಿಪ್ರಾಯದಲ್ಲಿ ಅದು ಸವಾರಿಯ ದಾರಿಯಲ್ಲ. ಒಂದು ಬದಿ ನೇರ ಕಡಲು, ಇನ್ನೊಂದು ಬದಿ ಮುಳ್ಳು ಪೊದೆ, ಡಿಸೆಂಬರಿನಲ್ಲಿ ಎದುರಿಗೆ ಪ್ರವಾಸಿಗರ ಸಾಲು. ಗೋಕರ್ಣದಿಂದ ನೇರ ತದಡಿಗೆ ರಸ್ತೆಯಲ್ಲೇ ಬನ್ನಿ. ಹಾದಿಯಲ್ಲಿ ಸಾಣಿಕಟ್ಟಾದ ಉಪ್ಪಿನ ಗದ್ದೆಗಳನ್ನು ನೋಡಬಹುದು. ತದಡಿಯಿಂದ ಆಚೆ ದಡದ ಅಘನಾಶಿನಿ ಊರಿಗೆ ತಾರಿ ದೋಣಿಯಿದೆ, ಅದರಲ್ಲಿ ಸೈಕಲ್ ಒಯ್ಯಬಹುದು. ವೇಳೆಯನ್ನು ಹಿಂದಿನ ದಿನವೇ ವಿಚಾರಿಸಿಕೊಳ್ಳಿ. ದೋಣಿ ತಪ್ಪಿದರೆ ಮಿರ್ಜಾನ ಬಳಿಯ ಹೆದ್ದಾರಿ ಸೇತುವೆಯನ್ನು ಸುತ್ತಿ ಬರಬೇಕು, ಆಗ ಕಡಲಂಚಿನ ದಿನವೇ ಕೈತಪ್ಪಿದಂತೆ.

ಅಘನಾಶಿನಿಯಿಂದ ಕಾಗಾಲ, ಬಾಡ, ಹೊಲನಗದ್ದೆ ಮಾರ್ಗವಾಗಿ ಕುಮಟಾದವರೆಗೆ ತೆಂಗಿನ ತೋಟಗಳ ನಡುವೆ ಊರೊಳಗಿನ ದಾರಿಗಳಿವೆ. ನಡುನಡುವೆ ಮರಳಿಗೆ ಇಳಿಯಬಹುದು, ಆದರೆ ಅದು ಇಳಿತದ ಹೊತ್ತಾಗಿರಬೇಕು. ಇಳಿತದ ಹಿಂದು ಮುಂದಿನ ಒಂದೂವರೆ ಎರಡು ಗಂಟೆ ನೀರು ಆಗಷ್ಟೇ ಬಿಟ್ಟುಹೋದ ಪಟ್ಟಿ ಗಟ್ಟಿಯಾಗಿರುತ್ತದೆ, ಚಕ್ರದ ಗುರುತು ಮಾತ್ರ ಮೂಡುತ್ತದೆ. ಮೇಲಿನ ಒಣ ಮರಳಿನಲ್ಲಿ ತಳ್ಳಿಕೊಂಡು ನಡೆಯುವುದೇ ಗತಿ. ಇಳಿತದ ವೇಳೆ ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಸರಿಯುವುದರಿಂದ ಕಾರವಾರದ ಉಬ್ಬರವಿಳಿತದ ವೇಳಾಪಟ್ಟಿ ನೋಡಿ ಶಿರಸಿಯಿಂದ ಹೊರಡುವ ದಿನವನ್ನು ನಿಗದಿಪಡಿಸಿ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಇಳಿತ ಹೆಚ್ಚು ದೂರ ಹೋಗುತ್ತದೆ, ಉಬ್ಬರವೂ ಅಷ್ಟೇ ಮೇಲೆ ಏರುತ್ತದೆ. ಒಣಹಾಕಿದ ಮೀನು ಮತ್ತು ಬಲೆಗಳ ಮೇಲೆ ಚಕ್ರ ಹಾಯಿಸಬೇಡಿ. ಕಡಲಾಮೆಗಳು ಮೊಟ್ಟೆಯಿಡುವ ಕಾಲವೂ ಹತ್ತಿರವಿರುವುದರಿಂದ ಕತ್ತಲಾದ ಮೇಲೆ ದೀಪ ಹಾಕಿಕೊಂಡು ಮರಳಿನಲ್ಲಿ ಓಡಾಡಬೇಡಿ.

ಅಳಿವೆಯ ಬದಿಯ ಗಜನಿಗಳ (ತಗ್ಗು ಗದ್ದೆಗಳ) ಒಡ್ಡುಗಳು ಸವಾರಿಗೆ ಹೇಳಿ ಮಾಡಿಸಿದಂತೆ ಕಾಣುತ್ತವೆ. ಅವು ಕಗ್ಗ ಎಂಬ ಭತ್ತದ ಗದ್ದೆಗೆ ಉಪ್ಪುನೀರು ನುಗ್ಗದಂತೆ ತಡೆಯುವ ಒಡ್ಡುಗಳು, ಮೆತ್ತಗಾದ ಕಡೆ ಚಕ್ರದ ಜಾಡು ಬಿದ್ದರೆ ಅಲ್ಲಿಂದಲೇ ಕೊರೆತ ಆರಂಭವಾಗುತ್ತದೆ. 2024ರಲ್ಲಿ ಈ ಅಳಿವೆ ರಾಮ್ಸರ್ ತಾಣ (ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ) ಆದ ಮೇಲೆ ನೋಡಲು ಬರುವವರೂ ಹೆಚ್ಚಾಗಿದ್ದಾರೆ. ಒಡ್ಡಿನ ಮೇಲೆ ನಡೆಯಿರಿ, ಸೈಕಲ್ ತುಳಿಯಬೇಡಿ.

ತುರಹಳ್ಳಿ ಸವಾರ ಬರೆದದ್ದು:

ಮೂವರಿಗೂ ಧನ್ಯವಾದಗಳು. ಗುಡ್ಡದಂಚಿನ ಕಾಲುದಾರಿಯನ್ನು ಯೋಜನೆಯಿಂದ ಕೈಬಿಟ್ಟಿದ್ದೇವೆ, ಇಳಿತದ ಪಟ್ಟಿ ನೋಡಿಯೇ ದಿನಾಂಕ ಗೊತ್ತುಮಾಡುತ್ತೇವೆ. ಕುಮಟಾದಿಂದ ಬೆಂಗಳೂರಿಗೆ ರೈಲಿನಲ್ಲಿ ಮರಳುವಾಗ ಸೈಕಲ್ ಸಾಗಿಸುವುದು ಹೇಗೆ?

ಫ್ರೀವ್ಹೀಲ್ ಬರೆದದ್ದು:

ಪಂಚಗಂಗಾ ಎಕ್ಸ್‌ಪ್ರೆಸ್ ಕುಮಟಾದಲ್ಲಿ ನಿಲ್ಲುವುದು ಕೆಲವೇ ನಿಮಿಷ, ಆ ಅವಧಿಯಲ್ಲಿ ಲಗೇಜ್ ಬೋಗಿಗೆ ಸೈಕಲ್ ಏರಿಸುವುದು ಕಷ್ಟ. ರೈಲು ಕಾರವಾರದಿಂದಲೇ ಹೊರಡುವುದರಿಂದ, ಒಂದು ದಿನ ಹೆಚ್ಚುವರಿಯಾಗಿದ್ದರೆ ಅಲ್ಲಿಗೇ ಹೋಗಿ ಬುಕ್ ಮಾಡುವುದು ಲೇಸು. ಯಾವ ನಿಲ್ದಾಣವಾದರೂ ಮೊದಲು ಸಿಹಿನೀರಿನಿಂದ ಸೈಕಲ್ಲನ್ನು ತೊಳೆದು, ಒರೆಸಿ, ಚೈನಿಗೆ ಎಣ್ಣೆ ಬಿಡಿ. ಬ್ರೇಕ್ ಡಿಸ್ಕಿಗೆ ಎಣ್ಣೆ ತಾಗದಿರಲಿ. ಉಪ್ಪು ಅಂಟಿದ ಚೈನು ಒಂದು ರಾತ್ರಿ ಕಳೆಯುವಷ್ಟರಲ್ಲಿ ಕೆಂಪಾಗುತ್ತದೆ. ಮನೆಗೆ ಬಂದ ಮೇಲೆ ಸೀಟ್ ಪೋಸ್ಟನ್ನು ಹೊರಕ್ಕೆಳೆದು, ಒಳಗೆ ಸೇರಿದ ಮರಳನ್ನು ಒರೆಸಿ, ಗ್ರೀಸ್ ಹಚ್ಚಿ ಮತ್ತೆ ಕೂರಿಸಿ.