8ನೇ ಮನೆಯ ಒಲೆ, ಎಲ್ಲರ ಚರಂಡಿ

ಕಾರ್ಯದರ್ಶಿ: ಎಲ್ಲರ ಗಮನಕ್ಕೆ. ನಿನ್ನೆ ಮತ್ತೆ ಒಳಚರಂಡಿಯ ಚೇಂಬರ್ ಉಕ್ಕಿದೆ. ಎರಡು ತಿಂಗಳಲ್ಲಿ ಇದು ಮೂರನೇ ಸಲ. ಪ್ಲಂಬರ್ ಒಳಗಿಂದ ಎಳೆದು ತೆಗೆದದ್ದು ಕಸ ಅಲ್ಲ, ಮೇಣದ ಉಂಡೆಯ ಹಾಗೆ ಗಟ್ಟಿಯಾದ ಜಿಡ್ಡು. ಇದೇ ಹೊತ್ತಿಗೆ 7ನೇ ಮನೆಯವರು ಬರೆದು ದೂರು ಕೊಟ್ಟಿದ್ದಾರೆ. ಬಡಾವಣೆಯ ಯಾವ ಮನೆಯಿಂದಲೂ ಅಡುಗೆ ಮಾಡಿ ಮಾರಬಾರದು ಎಂದು ಸಂಘ ತೀರ್ಮಾನಿಸಬೇಕಂತೆ. ಭಾನುವಾರದ ಸಭೆಯಲ್ಲಿ ಇಡುತ್ತೇನೆ. ಮೊದಲೇ ಈ ಗುಂಪಿನಲ್ಲಿ ಮಾತಾಡಿಕೊಂಡರೆ ಅಲ್ಲಿ ಕೂಗಾಟ ಕಡಿಮೆಯಾಗುತ್ತದೆ. ಎರಡು ದಿನ ಶುಭೋದಯದ ಚಿತ್ರಗಳು ಬೇಡ, ದಯವಿಟ್ಟು.

ಮನೆ 7: ದೂರು ಕೊಟ್ಟವನು ನಾನೇ, ಮುಚ್ಚಿಡುವುದೇನಿಲ್ಲ. 8ನೇ ಮನೆಯಲ್ಲಿ ದಿನಕ್ಕೆ ನಲವತ್ತು ಊಟ ಕಟ್ಟುತ್ತಾರೆ. ಬೆಳಿಗ್ಗೆ ಐದಕ್ಕೆಲ್ಲ ಒಗ್ಗರಣೆ ಘಾಟು. ಅವರ ಎಕ್ಸಾಸ್ಟ್ ಫ್ಯಾನಿನ ಬಾಯಿ ನೇರ ನಮ್ಮ ಮಲಗುವ ಕೋಣೆಯ ಕಿಟಕಿಗೇ ಇದೆ. ಚೇಂಬರ್ ಉಕ್ಕಿದರೆ ಕೊಳಕು ನೀರು ನಿಲ್ಲುವುದೂ ನಮ್ಮ ಗೇಟಿನ ಮುಂದೆಯೇ. ನಾನು ಮನೆ ತೆಗೆದುಕೊಂಡದ್ದು ನಾಲ್ಕು ಸಂಸಾರಗಳ ನಡುವೆ, ಹೋಟೆಲಿನ ಹಿತ್ತಲಲ್ಲಿ ಅಲ್ಲ.

ಮನೆ 12: ಅಲ್ಲಪ್ಪ, ಆ ಹುಡುಗಿ ಎರಡು ವರ್ಷದಿಂದ ಅಡುಗೆ ಮಾಡಿ ಕೊಡುತ್ತಿದ್ದಾಳೆ. ನಮ್ಮಿಬ್ಬರ ಮಧ್ಯಾಹ್ನದ ಊಟ ಅಲ್ಲಿಂದಲೇ. ಈ ವಯಸ್ಸಿನಲ್ಲಿ ನನಗೆ ಒಲೆ ಮುಂದೆ ನಿಲ್ಲಲು ಆಗುವುದಿಲ್ಲ. ಫ್ಯಾನಿನ ಬಾಯಿ ಆಚೆ ತಿರುಗಿಸಮ್ಮ ಅಂದರೆ ತಿರುಗಿಸುತ್ತಾಳೆ. ನೆಗಡಿ ಆಯಿತು ಅಂತ ಮೂಗು ಕೊಯ್ದುಕೊಳ್ಳುತ್ತಾರಾ ಯಾರಾದರೂ?

ಮನೆ 3: ನನ್ನದು ಊಟದ ತಕರಾರಲ್ಲ, ಗೇಟಿನ ತಕರಾರು. ಮಧ್ಯಾಹ್ನ ಡೆಲಿವರಿ ಹುಡುಗರು ಬಂದು ಒತ್ತುವುದು ನಮ್ಮ ಮನೆಯ ಬೆಲ್. ನಾನು ರಾತ್ರಿ ಪಾಳಿಯವನು. ಕಳೆದ ವಾರ ಒಬ್ಬ ನನ್ನನ್ನು ಎಬ್ಬಿಸಿ "ಪಾರ್ಸೆಲ್ ರೆಡೀನಾ ಸರ್" ಅಂದ. ಬನಿಯನ್ನಿನಲ್ಲಿ ನಿಂತಿದ್ದೆ.

ಮನೆ 15: ನನ್ನ ಚಿಂತೆ ಬೇರೆ. ಮಗಳಿಗೆ ಕಡಲೆಕಾಯಿ ಅಲರ್ಜಿ ಇರುವುದು ನಿಮಗೆಲ್ಲ ಗೊತ್ತು. ಹೋದ ತಿಂಗಳು ಮಕ್ಕಳ ಆಟದ ದಿನ ಯಾರೋ ಮನೆಯಲ್ಲಿ ಮಾಡಿದ ಬಿಸ್ಕತ್ತು ಹಂಚಿದರು. ಡಬ್ಬಿಯ ಮೇಲೆ ಒಂದಕ್ಷರ ಇಲ್ಲ. ಮಾಡಿದವರನ್ನು ಹುಡುಕಿ ಕೇಳುವಷ್ಟರಲ್ಲಿ ಇವಳು ಒಂದು ತುಂಡು ಕಚ್ಚಿಯಾಗಿತ್ತು. ಪುಣ್ಯಕ್ಕೆ ಏನೂ ಆಗಲಿಲ್ಲ. ಅದು 8ನೇ ಮನೆಯದಲ್ಲ, ಅದನ್ನೂ ಹೇಳಿಬಿಡುತ್ತೇನೆ.

ಮನೆ 7: ಮತ್ತೆ ಯಾರದು?

ಮನೆ 15: ಅವರೇ ಹೇಳಲಿ.

ಮನೆ 21: ನನ್ನದು. ತಪ್ಪಾಯಿತು ಅಕ್ಕಾ. ವಾರಕ್ಕೆ ಎರಡು ದಿನ ಕೇಕ್, ಬಿಸ್ಕತ್ತು ಮಾಡಿ ಪರಿಚಯದವರಿಗೆ ಕೊಡುತ್ತೇನೆ. ದುಡ್ಡು ತೆಗೆದುಕೊಳ್ಳುತ್ತೇನೆ, ಹೌದು. ಆದರೆ ಅದನ್ನು ವ್ಯಾಪಾರ ಅಂತ ನಾನು ಅಂದುಕೊಂಡೇ ಇರಲಿಲ್ಲ.

ಮನೆ 5: ನಾನು ಉಪ್ಪಿನಕಾಯಿ ಹಾಕಿ ಕೊಡುತ್ತೇನೆ, ಕೇಳಿದವರಿಗೆ ಮಾತ್ರ. ಅದೂ ಲೆಕ್ಕಕ್ಕೆ ಬರುತ್ತದಾ?

ಮನೆ 3: ಮೂರು ಅಡುಗೆಮನೆ ಆಯಿತು. ಇನ್ನೂ ಯಾರಾದರೂ ಇದ್ದರೆ ಈಗಲೇ ಕೈ ಎತ್ತಿ.

ಕಾರ್ಯದರ್ಶಿ: 19ನೇ ಮನೆಯ ಹಿರಿಯರು ಆಹಾರ ತಪಾಸಣೆಯ ಕೆಲಸದಲ್ಲಿದ್ದವರು. ಸರ್, ನೀವೇ ಸ್ವಲ್ಪ ಬಿಡಿಸಿ ಹೇಳಿ.

ಮನೆ 19: ಟೈಪ್ ಮಾಡುವುದು ನಿಧಾನ, ಮೊಮ್ಮಗನ ಕೈಯಲ್ಲಿ ಬರೆಸುತ್ತಿದ್ದೇನೆ. ಐದನೇ ಮನೆಯ ತಾಯಿ, ಲೆಕ್ಕಕ್ಕೆ ಬರುತ್ತದೆ. ದುಡ್ಡು ತೆಗೆದುಕೊಂಡ ಕ್ಷಣಕ್ಕೆ ಅದು ಮಾರಾಟ. ಆದರೆ ನಲವತ್ತು ಊಟಕ್ಕೂ ನಾಲ್ಕು ಬಾಟಲಿಗೂ ಒಂದೇ ಕಟ್ಟಳೆ ಹಾಕುವುದು ದಡ್ಡತನ. ಕಾನೂನು ಮಾಡಿದವರೂ ಹಾಗೆ ಮಾಡಿಲ್ಲ. ಎಷ್ಟು ಮಾಡುತ್ತೀರಿ ಎನ್ನುವುದಕ್ಕಿಂತ ಏನು ಮಾಡುತ್ತೀರಿ ಎಂದು ಮೊದಲು ನೋಡುವ ಕಡೆಗಳು ಜಾಸ್ತಿ. ಅಮೆರಿಕದ ಕ್ಯಾಲಿಫೋರ್ನಿಯಾ 2012ರಲ್ಲಿ ಮನೆ ಅಡುಗೆ ಮಾರಲು ಕಾನೂನು ತಂದಾಗ ಹೊರಗಿಟ್ಟರೂ ಕೆಡದ ಪದಾರ್ಥಗಳಿಗೆ ಮಾತ್ರ ಅನುಮತಿ ಕೊಟ್ಟಿತು. ಬಿಸಿ ಊಟ ಮಾರುವುದಕ್ಕೆ 2018ರಲ್ಲಿ ಬೇರೆಯೇ ಕಾನೂನು ಬೇಕಾಯಿತು. ಅದೇ ದೇಶದ ವಯೋಮಿಂಗ್ 2015ರಲ್ಲಿ ಬಹಳಷ್ಟನ್ನು ಮಾಡುವವರಿಗೂ ತಿನ್ನುವವರಿಗೂ ಬಿಟ್ಟುಬಿಟ್ಟಿತು. ಬ್ರಿಟನ್ನಿನಲ್ಲಿ ಮಾರಾಟ ಶುರು ಮಾಡುವ 28 ದಿನ ಮೊದಲು ಸ್ಥಳೀಯ ಕೌನ್ಸಿಲಿನಲ್ಲಿ ಹೆಸರು ಬರೆಸಬೇಕು, ಅದಕ್ಕೆ ಶುಲ್ಕ ಇಲ್ಲ. ಭಾರತದಲ್ಲಿ 2006ರ ಆಹಾರ ಸುರಕ್ಷತಾ ಕಾಯ್ದೆಯ ಪ್ರಕಾರ ಮನೆಯಲ್ಲಿ ಮಾಡಿ ಮಾರುವ ಸಣ್ಣವರಿಗೂ ನೋಂದಣಿ ಬೇಕು, 14 ಅಂಕಿಯ ಸಂಖ್ಯೆ ಕೊಡುತ್ತಾರೆ. ಮನೆಯಲ್ಲಿ ಮಾಡಿ ಮಾರಲೇಬಾರದು ಅಂತ ಇವರ್ಯಾರೂ ಹೇಳಲಿಲ್ಲ ನೋಡಿ.

ಈಗ ಅಪಾಯದ ಮಾತು. ಒಣ ಬಿಸ್ಕತ್ತಿನಲ್ಲಿ ರೋಗಾಣುವಿಗೆ ಬೆಳೆಯಲು ಬೇಕಾದ ನೀರು ಇಲ್ಲ. ಅದಕ್ಕೆ ನಾನು ಹೆದರುವುದಿಲ್ಲ. ಹೆದರುವುದು ಅನ್ನಕ್ಕೆ. ಕೇಳಿ ನಗಬೇಡಿ. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಎನ್ನುವ ಬ್ಯಾಕ್ಟೀರಿಯಾದ ಬೀಜಕಣ ಇರುತ್ತದೆ. ಕುದಿಸಿದರೂ ಅದು ಸಾಯುವುದಿಲ್ಲ. ದೊಡ್ಡ ಪಾತ್ರೆಯ ಅನ್ನ ಮೇಲೆ ಆರಿದ ಹಾಗೆ ಕಂಡರೂ ನಡುವೆ ಗಂಟೆಗಟ್ಟಲೆ ಬೆಚ್ಚಗೇ ಇರುತ್ತದೆ. ಆ ಬೆಚ್ಚಗಿನಲ್ಲಿ ಬೀಜಕಣ ಮೊಳೆತು ವಿಷ ಬಿಡುತ್ತದೆ. ಆಮೇಲೆ ಎಷ್ಟು ಬಿಸಿ ಮಾಡಿದರೂ ಆ ವಿಷ ಹೋಗುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಇಷ್ಟೇ: ಬಿಸಿ ಊಟ 60 ಡಿಗ್ರಿಗಿಂತ ಮೇಲಿರಲಿ, ತಣ್ಣಗಿನದು 5 ಡಿಗ್ರಿಗಿಂತ ಕೆಳಗಿರಲಿ, ಬೇಯಿಸಿದ್ದನ್ನು ಎರಡು ಗಂಟೆಗಿಂತ ಹೆಚ್ಚು ಹೊರಗೆ ಬಿಡಬೇಡಿ. ಅಗಲ ತಟ್ಟೆಗೆ ತೆಳ್ಳಗೆ ಹರಡಿದರೆ ಬೇಗ ಆರುತ್ತದೆ. ನನ್ನ ಕೆಲಸದ ದಿನಗಳಲ್ಲಿ ಯಾವ ಅಡುಗೆಮನೆಗೆ ಹೋದರೂ ಮೊದಲು ನೋಡುತ್ತಿದ್ದದ್ದು ನೆಲ ಅಲ್ಲ, ನಿನ್ನೆಯ ಅನ್ನ ಎಲ್ಲಿಟ್ಟಿದ್ದಾರೆ ಅಂತ.

ಇನ್ನೊಂದು ಮಾತು. ಒಳಗೆ ಹೇಗೆ ಬೇಯಿಸುತ್ತಾರೆ ಅಂತ ನೋಡುವುದು ಇಲಾಖೆಯ ಕೆಲಸ. ಸಂಘ ಹೋಗಿ ಯಾರ ಫ್ರಿಜ್ ಬಾಗಿಲೂ ತೆಗೆಯುವ ಹಾಗಿಲ್ಲ. ಗೋಡೆ ದಾಟಿ ಬರುವ ಹೊಗೆ, ನೀರು, ಗಾಡಿ, ಇವು ಮಾತ್ರ ನಮ್ಮ ಪಾಲು. ಎರಡನ್ನೂ ಕಲಸಿದರೆ ಭಾನುವಾರ ಏನೂ ಆಗುವುದಿಲ್ಲ.

ಮನೆ 5: ಸರ್, ನನ್ನ ಒಂದು ಉಪ್ಪಿನಕಾಯಿ ಬರೀ ಬೆಳ್ಳುಳ್ಳಿ, ಎಣ್ಣೆ, ಖಾರ. ಹುಳಿ ಹಾಕುವುದಿಲ್ಲ. ಉಪ್ಪೂ ಕಡಿಮೆ. ಅದು ಒಣ ಬಿಸ್ಕತ್ತಿನ ಸಾಲಿಗೋ, ಅನ್ನದ ಸಾಲಿಗೋ?

ಮನೆ 19: ಅನ್ನಕ್ಕಿಂತಲೂ ಅಪಾಯದ ಸಾಲಿಗೆ, ತಾಯಿ. ಕೇಳಿದ್ದು ಒಳ್ಳೆಯದಾಯಿತು. ಎಣ್ಣೆಯಲ್ಲಿ ಮುಳುಗಿದ ಬೆಳ್ಳುಳ್ಳಿಗೆ ಗಾಳಿ ತಾಗುವುದಿಲ್ಲ. ಬಾಟುಲಿಸಂ ಎನ್ನುವ, ಜೀವಕ್ಕೇ ಅಪಾಯವಾಗುವ ವಿಷಬಾಧೆ ತರುವ ಬ್ಯಾಕ್ಟೀರಿಯಾಕ್ಕೆ ಬೇಕಾದದ್ದೇ ಅದು. 1985ರಲ್ಲಿ ಕೆನಡಾದ ವ್ಯಾಂಕೂವರ್‌ನಲ್ಲಿ ಎಣ್ಣೆಯಲ್ಲಿಟ್ಟ ಬೆಳ್ಳುಳ್ಳಿಯಿಂದಲೇ ಹಲವರು ಆಸ್ಪತ್ರೆ ಸೇರಿದರು. ಹುಳಿ ಸಾಕಷ್ಟಿದ್ದರೆ, ಅಂದರೆ ಪಿಎಚ್ (ಹುಳಿ ಹೆಚ್ಚಿದಷ್ಟೂ ಇಳಿಯುವ ಅಳತೆ) 4.6ಕ್ಕಿಂತ ಕಡಿಮೆ ಇದ್ದರೆ, ಅದು ಬೆಳೆಯುವುದಿಲ್ಲ. ವಾಸನೆ, ರುಚಿ ನೋಡಿ ಕಂಡುಹಿಡಿಯಲು ಆಗುವುದಿಲ್ಲ. ಹುಳಿ ಹಾಕಿ ಮಾಡುವ ಬೇರೆ ಉಪ್ಪಿನಕಾಯಿಗಳನ್ನು ನೋಂದಣಿ ಮಾಡಿಸಿಕೊಂಡು ಮುಂದುವರಿಸಿ. ಇದೊಂದನ್ನು ಪರೀಕ್ಷೆ ಮಾಡಿಸುವವರೆಗೆ ಕೊಡಬೇಡಿ.

ಮನೆ 5: ಯಾರ ಮನೆಯಲ್ಲಾದರೂ ನನ್ನ ಬೆಳ್ಳುಳ್ಳಿ ಬಾಟಲಿ ಇದ್ದರೆ ವಾಪಸ್ ಕೊಡಿ, ದುಡ್ಡು ಕೊಡುತ್ತೇನೆ. ಇವತ್ತೇ.

ಮನೆ 8: ಇಷ್ಟು ಹೊತ್ತು ಓದುತ್ತಿದ್ದೆ, ಅಡುಗೆ ನಡೆಯುತ್ತಿತ್ತು. ನನ್ನ ಹೆಸರು ನೋಂದಣಿ ಆಗಿದೆ, ಪತ್ರ ಅಡುಗೆಮನೆ ಗೋಡೆಯ ಮೇಲಿದೆ. ಯಾರು ಬೇಕಾದರೂ ಬಂದು ನೋಡಬಹುದು. ಫ್ರಿಜ್ ಬಾಗಿಲೂ ತೆಗೆದು ತೋರಿಸುತ್ತೇನೆ, ಸಂಘದವರಿಗೂ. ಹಿಂದಿನ ದಿನದ ಅನ್ನ ನಾನು ಕಳಿಸುವುದಿಲ್ಲ. ಕರಿದು ಉಳಿದ ಎಣ್ಣೆಯನ್ನು ಕ್ಯಾನಿನಲ್ಲಿ ತುಂಬಿಟ್ಟು, ಹಳೆ ಎಣ್ಣೆ ಕೊಳ್ಳುವವರಿಗೆ ಕೊಡುತ್ತೇನೆ. ಸಿಂಕಿಗೆ ಸುರಿಯುವುದಿಲ್ಲ. ಆದರೆ ಅಷ್ಟು ಪಾತ್ರೆ ತೊಳೆದ ನೀರಿನಲ್ಲಿ ಜಿಡ್ಡು ಇರುವುದಿಲ್ಲ ಅಂತ ಹೇಳಿದರೆ ಅದು ಸುಳ್ಳಾಗುತ್ತದೆ.

7ನೇ ಮನೆ ಸರ್, ಫ್ಯಾನಿನ ವಿಷಯ ನೀವು ಒಂದು ಸಲವೂ ನನಗೆ ಹೇಳಲಿಲ್ಲ. ದಿನಾ ಗೇಟಿನಲ್ಲಿ ಸಿಕ್ಕಾಗ ನಗುತ್ತಿದ್ದಿರಿ. ಸಂಘಕ್ಕೆ ಬರೆದಿದ್ದೀರಿ ಅಂತ ಗೊತ್ತಾದದ್ದು ಈ ಗುಂಪಿನಿಂದ.

ಮನೆ 7: ನೀವೂ ಒಂದು ಮಾತು ಕೇಳಬಹುದಿತ್ತಲ್ಲ? ನಲವತ್ತು ಜನರ ಒಗ್ಗರಣೆ ಪಕ್ಕದ ಮನೆಗೆ ಹೋಗುತ್ತದೆ ಅಂತ ಊಹಿಸಲು ದೂರು ಬೇಕಾ?

ಮನೆ 8: ಕೇಳಬೇಕಿತ್ತು.

ಕಾರ್ಯದರ್ಶಿ: ಇಲ್ಲೊಂದು ವಿಷಯ ಸೇರಿಸಬೇಕು. ಇವತ್ತು ಪ್ಲಂಬರ್ ಸಾಲಿನ ಎಲ್ಲ ಚೇಂಬರುಗಳನ್ನೂ ತೆಗೆದು ನೋಡಿದ. ನೀರು ಹರಿಯುವುದು 1ನೇ ಮನೆಯಿಂದ ಕೆಳಕ್ಕೆ. 4ನೇ ಮನೆಯ ಮುಂದಿನ ಚೇಂಬರಿನಲ್ಲೂ ಒಂದು ಗೇಣು ಜಿಡ್ಡು ಕೂತಿದೆ. 8ನೇ ಮನೆಯ ನೀರು ಹಿಂದಕ್ಕೆ ಹತ್ತಿ ಅಲ್ಲಿಗೆ ಹೋಗುವುದಿಲ್ಲ, ಅಲ್ವಾ? 8ರ ನಂತರ ಜಾಸ್ತಿ ಇದೆ, ನಿಜ. ಮೇಲಿನದು ನಮ್ಮದೇ.

ಮನೆ 7: ನಮ್ಮದೇ ಅಂದರೆ?

ಕಾರ್ಯದರ್ಶಿ: 1ರಿಂದ 7. ನನ್ನದು 2.

ಮನೆ 3: ನಾವು ಬಿಸಿನೀರು, ಸೋಪು ಹಾಕಿ ಎಣ್ಣೆ ಬಿಡುತ್ತೇವೆ. ಹಾಗೆ ಮಾಡಿದರೆ ಸಲೀಸಾಗಿ ಹೋಗುತ್ತದೆ ಅಂದುಕೊಂಡಿದ್ದೆ.

ಮನೆ 19: ನಿಮ್ಮ ಸಿಂಕಿನಿಂದ ಸಲೀಸಾಗಿಯೇ ಹೋಗುತ್ತದೆ. ಮುಂದೆ ಪೈಪಿನಲ್ಲಿ ನೀರು ಆರಿದ ಮೇಲೆ ಜಿಡ್ಡು ಗೋಡೆಗೆ ಅಂಟುತ್ತದೆ. ಅಂದರೆ ಪಕ್ಕದ ಮನೆಯ ಮುಂದೆ. 2017ರಲ್ಲಿ ಲಂಡನ್ನಿನ ವೈಟ್‌ಚಾಪಲ್‌ನಲ್ಲಿ ಒಳಚರಂಡಿಯಲ್ಲಿ 250 ಮೀಟರ್ ಉದ್ದದ, 130 ಟನ್ ತೂಕದ ಜಿಡ್ಡಿನ ಗಡ್ಡೆ ಸಿಕ್ಕಿತು. ಅದರ ಒಂದು ತುಂಡನ್ನು ಮ್ಯೂಸಿಯಂನಲ್ಲೂ ಇಟ್ಟರು. ನಮ್ಮದು ಇನ್ನೂ ಆ ಮಟ್ಟಕ್ಕೆ ಬಂದಿಲ್ಲ.

8ನೇ ಮನೆಯವರು ಗ್ರೀಸ್ ಟ್ರ್ಯಾಪ್ ಹಾಕಿಸಬೇಕು. ದೊಡ್ಡ ಸಂಗತಿಯೇನಲ್ಲ, ಸಿಂಕಿನ ಕೆಳಗಿಡುವ ಒಂದು ಪೆಟ್ಟಿಗೆ. ಅದರೊಳಗೆ ನೀರು ನಿಧಾನವಾಗುತ್ತದೆ. ಜಿಡ್ಡು ತೇಲುತ್ತದೆ, ಅಗುಳು ತಳಕ್ಕೆ ಕೂರುತ್ತದೆ, ನಡುವಿನ ನೀರು ಮಾತ್ರ ಹೊರಗೆ ಹೋಗುತ್ತದೆ. ಮೇಲಿನ ಜಿಡ್ಡು, ಕೆಳಗಿನ ಗಸಿ ಎರಡೂ ಸೇರಿ ಕಾಲು ಭಾಗ ತುಂಬುವುದರೊಳಗೆ ತೆಗೆಯಬೇಕು. ತೆಗೆಯದಿದ್ದರೆ ಪೆಟ್ಟಿಗೆ ಇದ್ದೂ ಇಲ್ಲದ ಹಾಗೆ. ಹಾಕಿಸಿ ಮರೆತವರನ್ನು ಬೇಕಾದಷ್ಟು ನೋಡಿದ್ದೇನೆ.

ಮನೆ 8: ಹಾಕಿಸುತ್ತೇನೆ, ನನ್ನ ದುಡ್ಡಿನಲ್ಲೇ. ಆದರೆ ಇಡೀ ಸಾಲು ತೊಳೆಸುವ ಖರ್ಚು ನನ್ನ ತಲೆಗೆ ಕಟ್ಟಬೇಡಿ.

ಮನೆ 12: ಯಾರು ಕಟ್ಟುತ್ತಾರೆ? 4ನೇ ಮನೆಯ ಮುಂದಿನದು ಯಾರದೋ ಅದು ಅವರದು. ಸಂಘದ ದುಡ್ಡು ಇರುವುದು ಮತ್ತೇಕೆ?

ಮನೆ 7: ಸಾಲು ತೊಳೆಸುವುದಕ್ಕೆ ಸಂಘದ ದುಡ್ಡು, ಒಪ್ಪಿದೆ. ಹೊಗೆಯದು ಹೇಳಿ. ದಿನಾಂಕ ಬೇಕು ನನಗೆ, ಸುಮ್ನೆ "ನೋಡೋಣ" ಬೇಡ.

ಮನೆ 8: ಪೈಪನ್ನು ಸೂರಿನ ಮೇಲಕ್ಕೆ ಎತ್ತಿಸುತ್ತೇನೆ, ಹದಿನೈದು ದಿನದೊಳಗೆ. ಬೆಳಿಗ್ಗೆ ಆರರವರೆಗೆ ಹೆಚ್ಚುವುದು, ಬೇಯಿಸುವುದು ಮಾತ್ರ. ಒಗ್ಗರಣೆ, ಕರಿಯುವುದು ಆರರ ಮೇಲೆ.

ಮನೆ 7: ಏಳರ ಮೇಲೆ.

ಮನೆ 8: ಏಳಕ್ಕೆ ಮೊದಲ ಡಬ್ಬಿ ಹೊರಡುತ್ತದೆ ಸರ್. ಆರೂವರೆ.

ಮನೆ 7: ಪೈಪ್ ಎತ್ತಿಸುವವರೆಗೆ ಆರೂವರೆ. ಎತ್ತಿಸಿದ ಮೇಲೂ ಘಾಟು ಬಂದರೆ ಮತ್ತೆ ಇಲ್ಲಿಗೇ ಬರುತ್ತೇನೆ.

ಮನೆ 15: ಡಬ್ಬಿಗೆ ಅಂಟಿಸುವ ಚೀಟಿಯ ವಿಷಯ ಮರೆಯಬೇಡಿ. 2016ರಲ್ಲಿ ಬ್ರಿಟನ್ನಿನ ನತಾಶಾ ಎನ್ನುವ, ಎಳ್ಳಿನ ಅಲರ್ಜಿ ಇದ್ದ 15 ವರ್ಷದ ಹುಡುಗಿ, ಬ್ರೆಡ್ಡಿನಲ್ಲಿ ಎಳ್ಳು ಇರುವುದು ಗೊತ್ತಾಗದೆ ತಿಂದು ತೀರಿಕೊಂಡಳು. ಹೊದಿಕೆಯ ಮೇಲೆ ಬರೆದಿರಲಿಲ್ಲ. ಅವಳ ಹೆಸರಿನಲ್ಲೇ ಕಾನೂನು ಆಯಿತು, 2021ರಲ್ಲಿ ಜಾರಿಗೆ ಬಂತು. ಅಲ್ಲಿ ಅಲರ್ಜಿ ತರುವ 14 ಪದಾರ್ಥಗಳ ಪಟ್ಟಿಯೇ ಇದೆ. ನಾನು ಕೇಳುತ್ತಿರುವುದು ಒಂದು ಚೀಟಿ ಅಷ್ಟೇ: ಏನೇನು ಹಾಕಿದ್ದೀರಿ, ಯಾವತ್ತು ಮಾಡಿದ್ದು, ಯಾರ ಮನೆಯದು. ಅದೇ ಪಾತ್ರೆಯಲ್ಲಿ ಕಡಲೆಕಾಯಿ ಹುರಿದಿದ್ದರೆ ಅದನ್ನೂ ಬರೆಯಿರಿ.

ಮನೆ 21: ಇನ್ನು ಮೇಲೆ ಪ್ರತಿ ಡಬ್ಬಿಯ ಮೇಲೂ ಬರೆಯುತ್ತೇನೆ ಅಕ್ಕಾ. ನೋಂದಣಿಗೆ ಏನೇನು ಬೇಕು ಅಂತ 8ನೇ ಮನೆಯವರು ಹೇಳಿಕೊಟ್ಟರು. ಮುಗಿಯುವವರೆಗೆ ಮಾರುವುದಿಲ್ಲ.

ಮನೆ 3: ನನ್ನ ಬೆಲ್?

ಮನೆ 8: ಡಬ್ಬಿಗಳನ್ನೆಲ್ಲ ಹಿಂದಿನ ಗೇಟಿನಿಂದ ಕೊಡುತ್ತೇನೆ. ಆ್ಯಪಿನಲ್ಲಿ ಗುರುತು ನಿಮ್ಮ ಮನೆಯ ಮೇಲೆ ಬಿದ್ದಿತ್ತು, ಈಗಷ್ಟೇ ಸರಿ ಮಾಡಿದೆ.

ಕಾರ್ಯದರ್ಶಿ: ಹಾಗಾದರೆ ಭಾನುವಾರ ನಿಷೇಧದ ಠರಾವು ಇಡುವುದಿಲ್ಲ. 7ನೇ ಮನೆಯವರೇ ಫೋನ್ ಮಾಡಿ ಸದ್ಯಕ್ಕೆ ಬೇಡ ಅಂದರು. ಅದರ ಬದಲು ಇದನ್ನು ಇಡುತ್ತೇನೆ: ಮನೆಯಿಂದ ಅಡುಗೆ ಮಾರುವವರು ನೋಂದಣಿ ಪತ್ರದ ಪ್ರತಿಯನ್ನು ಸಂಘಕ್ಕೆ ಕೊಡಬೇಕು, ಡಬ್ಬಿಗೆ ಚೀಟಿ ಅಂಟಿಸಬೇಕು. ದಿನಾ ಊಟ ಕಟ್ಟುವವರು ಗ್ರೀಸ್ ಟ್ರ್ಯಾಪ್ ಹಾಕಿಸಿ, ತೆಗೆದ ದಿನಾಂಕವನ್ನು ಬರೆದಿಡಬೇಕು. ಹೊಗೆ ಪಕ್ಕದ ಕಿಟಕಿಗೆ ಹೋಗಬಾರದು. ಎಣ್ಣೆಯನ್ನು ಸಿಂಕಿಗೆ ಸುರಿಯಬಾರದು ಎನ್ನುವುದು ಮಾರುವವರಿಗೆ ಮಾತ್ರ ಅಲ್ಲ, ಎಲ್ಲ ಮನೆಗೂ. ಹಳೆ ಎಣ್ಣೆಗೆ ವಾಚ್‌ಮನ್ ಕೋಣೆಯ ಪಕ್ಕ ಒಂದು ಕ್ಯಾನ್ ಇಡಿಸುತ್ತೇನೆ.

ಶನಿವಾರ ಬೆಳಿಗ್ಗೆ ಏಳಕ್ಕೆ ಸಾಲು ತೊಳೆಯಲು ಬರುತ್ತಾರೆ. 4ನೇ ಮನೆ ಮತ್ತು 9ನೇ ಮನೆಯ ಮುಂದಿನ ಚೇಂಬರ್ ಮುಚ್ಚಳದ ಮೇಲೆ ಈಗ ಕಾರು ನಿಂತಿದೆ. ಶುಕ್ರವಾರ ರಾತ್ರಿಯೇ ತೆಗೆಯಿರಿ.

ಮನೆ 9: ತೆಗೆಯುತ್ತೇನೆ.

ಕಾರ್ಯದರ್ಶಿ: 4ನೇ ಮನೆ?

ಮನೆ 4: ಕಾರು ನಮ್ಮದಲ್ಲ, 7ನೇ ಮನೆಯವರದು.

ಮನೆ 7: ತೆಗೆಯುತ್ತೇನೆ ಬಿಡಿ.